ಕ್ಲೋನಜೆಪಾಮ್ ಬಿಟ್ಟ ಮೇಲಿನ ದಿನಗಳು: ನನ್ನ ಅನುಭವ

ನಿದ್ದೆ ಮಾತ್ರೆ, ಟೆನ್ಶನ್ ಮಾತ್ರೆ ಅಂತ ನಾವೆಲ್ಲ ಕರೆಯೋ ಕ್ಲೋನಜೆಪಾಮ್, ಆಲ್ಪ್ರಜೋಲಾಮ್, ಲೊರಾಜೆಪಾಮ್ (ಎಲ್ಲಾ ಬೆಂಜೊಡಯಾಜೆಪೀನ್ ಅನ್ನೋ ಒಂದೇ ಗುಂಪಿನವು) ಇವನ್ನ ವರ್ಷಗಟ್ಟಲೆ ತಗೊಂಡು ಬಿಟ್ಟವರಲ್ಲಿ ಕೆಲವರಿಗೆ ಕೊನೇ ಮಾತ್ರೆ ಮುಗಿದ ಮೇಲೇ ದೊಡ್ಡ ಕಷ್ಟ ಶುರು ಆಗತ್ತೆ. ನಂಗೂ ಹಾಗೇ ಆಯ್ತು. ನಿಲ್ಸಿ ಈಗ ಎರಡು ವರ್ಷದ ಮೇಲಾಯ್ತು, ಬಹುಪಾಲು ಸುಧಾರಿಸ್ಕೊಂಡಿದೀನಿ. ನಾನು ಕಷ್ಟದಲ್ಲಿದ್ದಾಗ ಇದನ್ನ ದಾಟಿ ಬಂದವರು ಯಾರಾದ್ರೂ ಕನ್ನಡದಲ್ಲಿ ನಾಲ್ಕು ಮಾತು ಹೇಳಿದ್ರೆ ಸಾಕಿತ್ತು ಅನ್ನಿಸ್ತಿತ್ತು, ಅದಕ್ಕೇ ಬರೀತಿದೀನಿ. ಮೊದಲೇ ಹೇಳ್ಬಿಡ್ತೀನಿ, ಇದನ್ನ ಓದಿ ಯಾರೂ ಇವತ್ತೇ ಮಾತ್ರೆ ನಿಲ್ಲಿಸ್ಬೇಡಿ. ಈ ಮಾತ್ರೆಗಳನ್ನ ದಿಢೀರ್ ಅಂತ ಬಿಟ್ರೆ ಫಿಟ್ಸ್ ಬರ್ಬೋದು, ಜೀವಕ್ಕೇ ಅಪಾಯ. ಬಿಡೋದಾದ್ರೆ ಡಾಕ್ಟ್ರ ಜೊತೆ ಕೂತು, ನಿಧಾನಕ್ಕೆ.

ನಾನು ಹಾಸನದಲ್ಲಿ ಪಿಯು ಕಾಲೇಜಲ್ಲಿ ಪಾಠ ಮಾಡೋಳು. ಅಮ್ಮ ತೀರ್ಕೊಂಡ ಮೇಲೆ ನಿದ್ದೆ ಹೋಯ್ತು, ಕ್ಲಾಸಲ್ಲಿ ನಿಂತಿರುವಾಗ್ಲೇ ಎದೆ ಡವಡವ ಅಂತ ಹೊಡ್ಕೊಳ್ಳೋದು, ಕೈ ಬೆವರೋದು. ಆಗ ಬರ್ಕೊಟ್ಟಿದ್ದು ಖಿನ್ನತೆ, ಆತಂಕಕ್ಕೆ ಕೊಡೋ ಎಸ್ಸಿಟಾಲೋಪ್ರಾಮ್ 10 ಎಂಜಿ, ಕ್ಲೋನಜೆಪಾಮ್ 0.5 ಎಂಜಿ ಎರಡೂ ಸೇರಿರೋ ಒಂದೇ ಮಾತ್ರೆ. ನಮ್ಮಲ್ಲಿ ಈ ಜೋಡಿ ಮಾತ್ರೆ ತುಂಬಾ ಕಾಮನ್, ಎಷ್ಟೋ ಜನಕ್ಕೆ ತಾವು ಎರಡು ಔಷಧಿ ತಗೋತಿದೀವಿ ಅನ್ನೋದೇ ಗೊತ್ತಿರಲ್ಲ, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಇರತ್ತೆ ಅಷ್ಟೇ. ಬ್ರಿಟನ್ನಲ್ಲಿ 1988ರಲ್ಲೇ ಈ ಗುಂಪಿನ ಮಾತ್ರೆ 2ರಿಂದ 4 ವಾರಕ್ಕಿಂತ ಜಾಸ್ತಿ ಬೇಡ ಅಂತ ಹೇಳಿದ್ರು. ನಮ್ಮ ದೇಶದಲ್ಲೂ ಇವನ್ನ ಡಾಕ್ಟ್ರ ಚೀಟಿ ಇಲ್ದೆ ಕೊಡೋ ಹಾಗಿಲ್ಲ, ಆಲ್ಪ್ರಜೋಲಾಮ್ ಥರದ ಕೆಲವು 2014ರಿಂದ ಶೆಡ್ಯೂಲ್ ಎಚ್1 ಅನ್ನೋ ಬಿಗಿ ನಿಯಮದ ಲಿಸ್ಟಲ್ಲಿವೆ, ಅವನ್ನ ಅಂಗಡಿಯವ್ರು ಯಾರಿಗೆ ಕೊಟ್ವಿ ಅಂತ ಬೇರೆ ರಿಜಿಸ್ಟರಲ್ಲಿ ಬರೆದು 3 ವರ್ಷ ಇಟ್ಕೋಬೇಕು. ನಂಗೆ ಮಾತ್ರ ಹಳೇ ಸ್ಟ್ರಿಪ್ ತೋರ್ಸಿದ್ರೆ ಸಾಕು, ತಿಂಗಳು ತಿಂಗಳು ಸಿಗ್ತಾ ಇತ್ತು. ಹೀಗೇ ವರ್ಷಗಳು ಹೋದ್ವು.

ಆಮೇಲೆ ಮರೆವು ಶುರು ಆಯ್ತು, ದಿನಾ ನೋಡೋ ಮಕ್ಕಳ ಹೆಸರು ನಾಲಿಗೆ ತುದಿಗೆ ಬಂದು ನಿಲ್ತಿತ್ತು, ಸಾಯಂಕಾಲ ಆಗ್ತಿದ್ದ ಹಾಗೆ ಒಳಗೆ ಏನೋ ಚಡಪಡಿಕೆ. ಹೊಸ ಸೈಕಿಯಾಟ್ರಿಸ್ಟ್ ಹತ್ರ ಹೋದಾಗ ಅವರು ಸ್ಟ್ರಿಪ್ ತಿರುಗ್ಸಿ ನೋಡಿ ಮೊದಲು ಮಾಡಿದ ಕೆಲಸ ಅಂದ್ರೆ ಆ ಎರಡು ಔಷಧೀನ ಬೇರೆ ಬೇರೆ ಮಾತ್ರೆ ಮಾಡಿದ್ದು. ಇದು ತುಂಬಾ ಮುಖ್ಯ. ಜೋಡಿ ಮಾತ್ರೇನ ಅರ್ಧ ಮಾಡಿದ್ರೆ ಎರಡೂ ಒಟ್ಟಿಗೆ ಅರ್ಧ ಆಗತ್ತೆ, ಯಾವುದರಿಂದ ಏನಾಗ್ತಿದೆ ಅಂತ ದೇವರಿಗೂ ಗೊತ್ತಾಗಲ್ಲ. ಎಸ್ಸಿಟಾಲೋಪ್ರಾಮ್ ಇದ್ದ ಹಾಗೇ ಇರ್ಲಿ, ಕ್ಲೋನಜೆಪಾಮ್ ಮಾತ್ರ ಇಳಿಸೋಣ ಅಂದ್ರು.

ಇಳಿಸಿದ ಲೆಕ್ಕ ಹೀಗಿತ್ತು. ಪ್ರತಿ ಸಲ ಆಗಿನ ಡೋಸಿನ ನೂರಕ್ಕೆ 10 ಭಾಗ, ಅಂದ್ರೆ 0.5ರಿಂದ 0.45, ಅಲ್ಲಿಂದ ಮತ್ತೆ 0.05 ಅಲ್ಲ, 0.45ರಲ್ಲಿ ಹತ್ತನೇ ಒಂದು ಭಾಗ. ಕೆಳಗೆ ಬಂದ ಹಾಗೆ ಹೆಜ್ಜೆ ಚಿಕ್ಕದಾಗ್ತಾ ಹೋಗತ್ತೆ. ಒಂದು ಇಳಿಕೆ ಆದ್ಮೇಲೆ ಕಡಿಮೆ ಅಂದ್ರೂ ಎರಡು ವಾರ, ನಂಗೆ ಹೆಚ್ಚಾಗಿ ನಾಲ್ಕು ವಾರ ಬೇಕಾಗ್ತಿತ್ತು. 2025ರಲ್ಲಿ ಅಮೆರಿಕದ ವೈದ್ಯರ ಸಂಘಗಳು ಸೇರಿ ಒಂದು ಮಾರ್ಗಸೂಚಿ ತಂದ್ವು, ಅದರಲ್ಲೂ 2ರಿಂದ 4 ವಾರಕ್ಕೆ ಶೇ 5ರಿಂದ 10 ಇಳಿಸಿ, 2 ವಾರಕ್ಕೆ ಶೇ 25 ದಾಟಬೇಡಿ ಅಂತಲೇ ಇದೆ, ಅದನ್ನ ನೋಡಿದಾಗ ನಮ್ಮ ಡಾಕ್ಟ್ರ ಮೇಲೆ ಇನ್ನೂ ಗೌರವ ಬಂತು. 0.25 ಮಾತ್ರೆ ಮೆಡಿಕಲ್ಸಲ್ಲಿ ಸಿಗತ್ತೆ, ಅದಕ್ಕಿಂತ ಚಿಕ್ಕದು ಬೇಕಾದಾಗ ಡಾಕ್ಟ್ರನ್ನ ಕೇಳ್ಕೊಂಡೇ ಮಿಲಿಗ್ರಾಂ ತೋರ್ಸೋ ಸಣ್ಣ ಡಿಜಿಟಲ್ ತಕ್ಕಡಿ ತರಿಸ್ದೆ, ಚಿನ್ನದ ಕೆಲಸದವ್ರು ಇಟ್ಕೊಳ್ಳೋ ಥರದ್ದು. ಒಂದು ವಿಷಯ ಗಮನ ಇಡಿ, ತಕ್ಕಡೀಲಿ ಬರೋದು ಪೂರ್ತಿ ಮಾತ್ರೆಯ ತೂಕ, ಔಷಧಿ ಅದ್ರಲ್ಲಿ ಚೂರೇ ಚೂರು ಇರೋದು. ಮೊದಲು ಇಡೀ ಮಾತ್ರೆ ತೂಗಿ, ಅದರಲ್ಲಿ ಎಷ್ಟು ಭಾಗ ಬೇಕು ಅಂತ ಲೆಕ್ಕ ಹಾಕಿ ಬ್ಲೇಡಲ್ಲಿ ಕೆರೀಬೇಕು. ಇದೇ ಗುಂಪಿನ, ದೇಹದಲ್ಲಿ ಹೆಚ್ಚು ಹೊತ್ತು ಉಳಿಯೋ ಡಯಾಜೆಪಾಮ್‌ಗೆ ಬದಲಾಯಿಸಿ ಇಳಿಸೋದು ಇನ್ನೊಂದು ದಾರಿ, ಆಲ್ಪ್ರಜೋಲಾಮ್ ಥರ ದೇಹದಿಂದ ಬೇಗ ಇಳಿದುಹೋಗೋ ಮಾತ್ರೆ ತಗೊಳ್ಳೋರಿಗೆ ಅದು ಅನುಕೂಲ. ಕ್ಲೋನಜೆಪಾಮ್ ತಾನೇ ಒಂದು ದಿನದ ಮೇಲೆ ಉಳಿಯತ್ತೆ ಅಂತ ನಂಗೆ ಬದಲಾಯಿಸ್ಲಿಲ್ಲ.

ಈ ಇಳಿಕೆ ಒಂದು ವರ್ಷದ ಮೇಲೆ ಹಿಡೀತು. ಕೊನೇ ಚೂರು ನಿಲ್ಲಿಸಿದಾಗ ಮನೇಲಿ ಪಾಯಸ ಮಾಡಿದ್ವಿ, ಕೆಲವು ವಾರ ಚೆನ್ನಾಗೇ ಇದ್ದೆ. ಆಮೇಲೆ ಬಂತು ನೋಡಿ. ಬೆಳಗಿನ ಜಾವ ನಾಲ್ಕಕ್ಕೆ ಯಾರೋ ಒದ್ದ ಹಾಗೆ ಎಚ್ಚರ, ಅಂಗಾಲು ಉರಿ, ತೊಡೆಯಲ್ಲಿ ನರ ಪಟಪಟ ಅನ್ನೋದು, ಕಿವಿಯಲ್ಲಿ ಕುಯ್ಯ್ ಅಂತ ನಿಲ್ಲದ ಸದ್ದು, ಬಿಸಿಲು ಕಣ್ಣಿಗೆ ಚುಚ್ಚೋದು. ಅಡುಗೆಮನೇಲಿ ಕುಕ್ಕರ್ ವಿಷಲ್ ಹಾಕಿದ್ರೆ ಮೈಯೆಲ್ಲಾ ಕರೆಂಟ್ ಹೊಡೆದ ಹಾಗೆ, ಒಗ್ಗರಣೆ ಸಾಸಿವೆ ಸಿಡಿಯೋ ಸದ್ದಿಗೂ ಬೆಚ್ಚಿಬೀಳ್ತಿದ್ದೆ. ಎಲ್ಲಕ್ಕಿಂತ ಹೆದರಿಸಿದ್ದು, ಮನೆ ಮಕ್ಕಳು ಎದುರಿಗೇ ಇದ್ರೂ ಗಾಜಿನ ಆಚೆ ಇದ್ದ ಹಾಗೆ, ಏನೂ ನಿಜ ಅಲ್ಲ ಅನ್ನೋ ಥರ ಆಗ್ತಿದ್ದದ್ದು. ನಮ್ಮತ್ತೆ ಪಾಪ, "ಏನಮ್ಮ, ಮಾತ್ರೆ ಬಿಟ್ರೆ ಮೈ ಹಗುರಾಗ್ಬೇಕಿತ್ತಲ್ವಾ, ನೀನು ಇನ್ನೂ ಇಳಿದುಹೋಗ್ತಿದೀಯಲ್ಲ" ಅಂತ ಕೇಳೋರು, ನನ್ನ ಹತ್ರ ಉತ್ತರ ಇರ್ತಿರ್ಲಿಲ್ಲ. ನಮ್ಮ ಡಾಕ್ಟ್ರು ಊರಲ್ಲಿಲ್ಲದಾಗ ತೋರ್ಸಿದ ಇನ್ನೊಬ್ರು "ನಿಮ್ಮ ಹಳೇ ಕಾಯಿಲೆ ವಾಪಸ್ ಬಂದಿದೆ, ಮಾತ್ರೆ ಜೀವನಪೂರ್ತಿ ಬೇಕಾಗತ್ತೆ" ಅಂದ್ಬಿಟ್ರು. ಅವತ್ತು ರಾತ್ರಿ ತುಂಬಾ ಅತ್ತೆ.

ನಾನು ಹೇಳ್ಬೇಕಾಗಿರೋದು ಮುಖ್ಯವಾಗಿ ಇದೇ. ಹಳೇ ಕಾಯಿಲೆ ಬೇರೆ, ಮಾತ್ರೆ ಬಿಟ್ಟಿದ್ದರಿಂದ ಆಗೋ ಇದು ಬೇರೆ, ಎರಡನ್ನ ಬಿಡಿಸಿ ನೋಡೋದು ಕಲಿತ ಮೇಲೇ ನಂಗೆ ದಾರಿ ಕಾಣಿಸಿದ್ದು. ನನ್ನ ಹಳೇ ಆತಂಕಕ್ಕೆ ಯಾವಾಗ್ಲೂ ಒಂದು ವಿಷಯ ಇರ್ತಿತ್ತು, ಅಮ್ಮನ ನೆನಪು, ಪರೀಕ್ಷೆ ಡ್ಯೂಟಿ, ಮಗನ ಜ್ವರ, ಮೊದಲು ಯೋಚನೆ ಆಮೇಲೆ ಎದೆಬಡಿತ. ಈಗಿನದ್ದು ಉಲ್ಟಾ, ಮೊದಲು ಮೈ ಉರಿಯೋದು ಆಮೇಲೆ ಮನಸ್ಸು ಕಾರಣ ಹುಡುಕೋದು. ಅಂಗಾಲು ಉರಿ, ಸದ್ದು ತಡೆಯಕ್ಕಾಗದೆ ಇರೋದು, ನರ ಕುಣಿಯೋದು ಇವು ಹಿಂದೆ ನಂಗೆ ಯಾವತ್ತೂ ಇರ್ಲಿಲ್ಲ. ಹಾಗೇ ಇದು ಬಂದು ಹೋಗೋದು. ಹಳೇದು ಒಂದೇ ಸಮ ಇರ್ತಿತ್ತು, ಇದು ನಾಲ್ಕು ದಿನ ಜೀವ ಹಿಂಡಿ ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಬಿಟ್ಟು ಹೋಗ್ತಿತ್ತು, ಆ ಹೊತ್ತಲ್ಲಿ ನಾನು ಪೂರ್ತಿ ನಾನೇ. ಈ ಕಷ್ಟ ಪಟ್ಟವರು ಇದನ್ನ ಅಲೆ, ಕಿಟಕಿ ಅಂತಾರೆ, ಕಷ್ಟ ಬರೋದು ಅಲೆ, ತಿಳಿಯಾಗೋದು ಕಿಟಕಿ. ಕ್ಯಾಲೆಂಡರ್ ಮೇಲೆ ದಿನಾ ಅ ಅಥವಾ ಕಿ ಅಂತ ಬರೀತಾ ಬಂದೆ. ತಿಂಗಳ ಒಳಗೆ ನೋಡಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ, ಮೂರು ನಾಲ್ಕು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟಾಗ ಕಿ ಜಾಸ್ತಿ ಆಗ್ತಿರೋದು ಕಣ್ಣಿಗೇ ಕಾಣೋದು. ಆ ಕ್ಯಾಲೆಂಡರ್ ಹಾಳೆಗಳನ್ನ ತಗೊಂಡೇ ನಮ್ಮ ಡಾಕ್ಟ್ರ ಹತ್ರ ಹೋದೆ.

ಅವರು ಮೊದಲು ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ರು, ಥೈರಾಯ್ಡ್, ಬಿ12, ವಿಟಮಿನ್ ಡಿ, ಶುಗರ್, ಇಸಿಜಿ. ನಂದು ಸಸ್ಯಾಹಾರ, ಬಿ12 ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್ ಆಯ್ತು. ದಯವಿಟ್ಟು ನೀವೂ ಇದನ್ನ ಮಾಡ್ಸಿ, ಎಲ್ಲಾ ವಿತ್‌ಡ್ರಾವಲ್ಲೇ, ಅಂದ್ರೆ ಮಾತ್ರೆ ಬಿಟ್ಟಿದ್ದರ ಪರಿಣಾಮವೇ ಅಂತ ಕೂರೋದೂ ತಪ್ಪು. ಆಮೇಲೆ ಕೂತು ವಿವರಿಸಿದ್ರು. ಮೆದುಳಲ್ಲಿ ಗಾಬಾ ಅಂತ ಒಂದು ರಾಸಾಯನಿಕ, ಅದು ಗಾಡಿಯ ಬ್ರೇಕ್ ಇದ್ದ ಹಾಗೆ. ಈ ಮಾತ್ರೆ ಗಾಬಾದ ಕೆಲಸಕ್ಕೆ ಬಲ ಕೊಡತ್ತೆ. ವರ್ಷಗಟ್ಟಲೆ ಹೊರಗಿಂದ ಬಲ ಬರ್ತಿದ್ರೆ ಮೆದುಳು ತನ್ನದೇ ಬ್ರೇಕನ್ನ ಸಡಿಲ ಮಾಡ್ಕೊಳ್ಳತ್ತೆ, ಉದ್ರೇಕಿಸೋ ಕಡೆ ಚುರುಕಾಗತ್ತೆ. ಮಾತ್ರೆ ಹೋದ್ಮೇಲೆ ಅದು ಮತ್ತೆ ಸರಿಹೊಂದಕ್ಕೆ ಟೈಮ್ ಬೇಕು, ಕೆಲವರಿಗೆ ವಾರಗಳು, ಕೆಲವರಿಗೆ ತುಂಬಾ ತಿಂಗಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಮಾತ್ರೆಗಳ ಮೇಲಿನ ಎಚ್ಚರಿಕೆಯನ್ನ ಬಿಗಿ ಮಾಡ್ತು, ಕೆಲವರಲ್ಲಿ ಲಕ್ಷಣಗಳು 12 ತಿಂಗಳಿಗಿಂತ ಹೆಚ್ಚು ಇರ್ಬೋದು ಅಂತ ಅಲ್ಲಿ ಸ್ಪಷ್ಟವಾಗಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಅನ್ನೋ ಪ್ರೊಫೆಸರ್ 1982ರಿಂದ 1994ರವರೆಗೆ ಇದಕ್ಕೇ ಅಂತ ಕ್ಲಿನಿಕ್ ನಡೆಸಿದ್ರು, ಅವರು ಅಂಗಾಲು ಉರಿ, ಕಿವಿ ಸದ್ದು, ಎಲ್ಲಾ ದೂರ ಅನ್ಸೋದು ಇದನ್ನೆಲ್ಲಾ ಆಗ್ಲೇ ಬರೆದಿಟ್ಟಿದ್ರು, ನಿಧಾನಕ್ಕೆ ಕಡಿಮೆ ಆಗತ್ತೆ ಅಂತಾನೂ ಬರೆದಿದ್ರು. ನಂಗಾಗ್ತಿರೋದು ಬೇರೆಯವ್ರಿಗೂ ಆಗಿದೆ, ಅದಕ್ಕೆ ಹೆಸರಿದೆ, ಅವರು ಹೊರಗೆ ಬಂದಿದಾರೆ ಅನ್ನೋದು ಗೊತ್ತಾದ ದಿನ ಅರ್ಧ ಭಯ ಹೋಯ್ತು, ನಿಜ ಹೇಳ್ಬೇಕಂದ್ರೆ ಯಾವ ಔಷಧೀನೂ ಅಷ್ಟು ಕೆಲಸ ಮಾಡ್ಲಿಲ್ಲ.

ದಿನ ಕಳೆದಿದ್ದು ಹೇಗೆ ಅಂತ ಕೇಳೋರಿಗೆ. ಕಾಫಿ ಬಿಟ್ಟೆ, ನಮ್ಮೂರ ಕಡೆಯವ್ರಿಗೆ ಇದು ಎಷ್ಟು ಕಷ್ಟ ಅಂತ ಬೇರೆ ಹೇಳ್ಬೇಕಾಗಿಲ್ಲ, ಬೆಳಿಗ್ಗೆ ಜೀರಿಗೆ ಕಷಾಯಕ್ಕೆ ಒಗ್ಗಿಕೊಂಡೆ. ಎಚ್ಚರ ಆದ್ರೆ ಹಾಸಿಗೇಲಿ ಹೊರಳಾಡ್ತಾ ಇರ್ದೆ ಎದ್ದುಬಿಡೋದು, ನಿದ್ದೆ ಬರ್ಲಿ ಬಿಡ್ಲಿ ಏಳೋ ಟೈಮ್ ಮಾತ್ರ ಒಂದೇ. ಬಿಸಿಲೇರೋ ಮುಂಚೆ ನಿಧಾನ ವಾಕಿಂಗ್. ಜಿಮ್, ಓಟ ಅಂತ ಹೋದಾಗೆಲ್ಲಾ ಮಾರನೇ ದಿನ ಅಲೆ ಬರ್ತಿತ್ತು, ಅದನ್ನ ಬಿಟ್ಟೆ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತ್ರೆ ಮೈಯೊಳಗಿನ ಉರಿಯೇ ಜೋರಾಗಿ ಕೇಳಿಸೋದು, ಅದರ ಬದಲು ಕೈಗೆ ಕೆಲಸ ಕೊಟ್ಟೆ. ಹೂ ಕಟ್ಟೋದು, ಅವರೆಕಾಯಿ ಕಾಲದಲ್ಲಿ ರಾಶಿ ಹಾಕ್ಕೊಂಡು ಬೇಳೆ ಹಿತುಕೋದು, ಅತ್ತೆ ಪಕ್ಕದಲ್ಲಿ ಕೂತು ಊರ ಸುದ್ದಿ ಹೇಳ್ತಿದ್ರು, ಒಂದು ಗಂಟೆ ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ. ಉಸಿರನ್ನ ಉದ್ದಕ್ಕೆ ಹೊರಗೆ ಬಿಡೋದು ಮಾತ್ರ ಅಲೆ ಜೋರಿದ್ದಾಗ್ಲೂ ಸ್ವಲ್ಪ ಹಿಡಿತ ಕೊಡ್ತಿತ್ತು. ನಮ್ಮನೆಯವ್ರಿಗೆ ಒಂದೇ ಕೆಲಸ ಹೇಳಿದ್ದೆ, ಸಲಹೆ ಕೊಡ್ಬೇಡಿ, "ಇದು ಅಲೆ, ಹೋದ್ಸಲಾನೂ ಹೋಯ್ತು" ಅಂತ ಅಷ್ಟು ಹೇಳಿ ಸಾಕು ಅಂತ. ಎಷ್ಟು ರಾತ್ರಿ ಹೇಳಿದಾರೋ ಪಾಪ, ಒಂದಿನಾನೂ ಬೇಜಾರು ಮಾಡ್ಕೊಳ್ಲಿಲ್ಲ.

ಬೇಡ ಅಂದಿದ್ದೂ ಅಷ್ಟೇ ಮುಖ್ಯ. ನೆಂಟರು ಒಬ್ಬೊಬ್ಬರೂ ಒಂದೊಂದು ಪುಡಿ ತಂದುಕೊಟ್ರು, ಅಶ್ವಗಂಧ, ಜಟಾಮಾಂಸಿ, ನಿದ್ದೆಗೆ ಒಳ್ಳೇದು ಅಂತ. ಇವೂ ಗಾಬಾ ಕಡೆ ಕೈ ಹಾಕೋ ಸಾಧ್ಯತೆ ಇದೆ, ಈಗ ಬೇಡ ಅಂದ್ರು ಡಾಕ್ಟ್ರು, ಪ್ರೀತಿಯಿಂದ್ಲೇ ಪಕ್ಕಕ್ಕಿಟ್ಟೆ. ಮದ್ಯ ಮುಟ್ಟೋ ಅಭ್ಯಾಸ ಇರೋರು ಅದನ್ನ ಪೂರ್ತಿ ದೂರ ಇಡ್ಬೇಕು, ಅದೂ ಅದೇ ಜಾಗದಲ್ಲಿ ಕೆಲಸ ಮಾಡೋದು. ಮಧ್ಯದಲ್ಲಿ ಉರಿಮೂತ್ರ ಆದಾಗ ತೋರ್ಸಿದ ಡಾಕ್ಟ್ರು ಸಿಪ್ರೊಫ್ಲಾಕ್ಸಸಿನ್ ಬರೆಯಕ್ಕೆ ಹೊರಟ್ರು, ಆ ಗುಂಪಿನ ಆ್ಯಂಟಿಬಯೋಟಿಕ್ ಗಾಬಾಗೆ ಅಡ್ಡ ಬರತ್ತೆ, ಫಿಟ್ಸ್ ಸಾಧ್ಯತೆ ಹೆಚ್ಚಿಸತ್ತೆ, ಅದಕ್ಕೆ ಹಳೇದೆಲ್ಲಾ ಹೇಳ್ದೆ, ಬೇರೆ ಬರ್ಕೊಟ್ರು. ಯಾವ ಡಾಕ್ಟ್ರ ಹತ್ರ ಹೋದ್ರೂ, ಹಲ್ಲಿನ ಡಾಕ್ಟ್ರಾದ್ರೂ ಸರಿ, ಇದನ್ನ ಮೊದಲೇ ಹೇಳಿ.

ಕೆಲವು ಅಲೆಗಳಲ್ಲಿ ಬದುಕೇ ಬೇಡ ಅನ್ನೋ ಯೋಚನೆ ಬಂದಿತ್ತು. ಅದನ್ನ ಮುಚ್ಚಿಡ್ಲಿಲ್ಲ, ಮನೆಯವ್ರಿಗೂ ಡಾಕ್ಟ್ರಿಗೂ ಅವತ್ತೇ ಹೇಳ್ದೆ, ಅವರು ವಾರಕ್ಕೊಮ್ಮೆ ಕರೆಸ್ಕೊಂಡ್ರು. ಹಾಗನ್ಸಿದ್ರೆ ದಯವಿಟ್ಟು ಒಬ್ಬರೇ ಇರ್ಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡ್ಬೋದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಊರಲ್ಲಿ ಈ ವಿಷಯ ಗೊತ್ತಿರೋ ಡಾಕ್ಟ್ರು ಸಿಗದೆ ಇದ್ರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆ ಅಂತಲೇ ಬೇರೆ ವಿಭಾಗ ಇದೆ. ವ್ಯಸನ ಅನ್ನೋ ಪದ ನೋಡಿ ಹಿಂಜರೀಬೇಡಿ, ಬರ್ಕೊಟ್ಟ ಮಾತ್ರೇನ ಬರ್ಕೊಟ್ಟ ಹಾಗೇ ತಗೊಂಡವ್ರಿಗೂ ದೇಹ ಅದಕ್ಕೆ ಒಗ್ಗಿಹೋಗತ್ತೆ, ಅವರಿಗೆ ಅದೆಲ್ಲಾ ಗೊತ್ತು.

ಒಂದು ವರ್ಷ ಕಳೆಯೋ ಹೊತ್ತಿಗೆ ಅಲೆ ಬರೋದು ತಡ ಆಗ್ತಾ ಬಂತು, ಬಂದ್ರೂ ಬೇಗ ಹೋಗ್ತಿತ್ತು. ಮೊದಲು ಹೋಗಿದ್ದು ಗಾಜಿನಾಚೆ ಇದ್ದ ಹಾಗೆ ಆಗ್ತಿದ್ದದ್ದು, ಆಮೇಲೆ ಅಂಗಾಲು ಉರಿ, ನಿದ್ದೆ ಕೊನೇಗೆ ಬಂತು. ಮಕ್ಕಳ ಹೆಸರು ಮತ್ತೆ ನೆನಪಿರತ್ತೆ, ದಿನದ ನಾಲ್ಕು ಪೀರಿಯಡ್ ನಿಂತೇ ಪಾಠ ಮಾಡ್ತೀನಿ, ಹೋದ ಮಾಘದಲ್ಲಿ ತಂಗಿ ಮಗಳ ಮದುವೇಲಿ ವಾಲಗದವ್ರ ಪಕ್ಕದಲ್ಲೇ ಕೂತು ಊಟ ಮಾಡ್ದೆ. ಕಿವಿ ಸದ್ದು ಇನ್ನೂ ಇದೆ, ಕೆಲಸದಲ್ಲಿದ್ದಾಗ ಗಮನಕ್ಕೆ ಬರಲ್ಲ. ನಿದ್ದೆ ಕೆಟ್ಟ ವಾರದಲ್ಲಿ ನರ ಸ್ವಲ್ಪ ಕುಣಿಯತ್ತೆ.

ಎಸ್ಸಿಟಾಲೋಪ್ರಾಮ್ ಇನ್ನೂ ತಗೋತಿದೀನಿ. ಅದನ್ನೂ ಇಳಿಸೋ ಬಗ್ಗೆ ಡಾಕ್ಟ್ರ ಜೊತೆ ಮಾತಾಗಿದೆ, ಅದರ ಇಳಿಕೆ ಲೆಕ್ಕವೇ ಬೇರೆ. ಈ ವರ್ಷದ ಪೇಪರ್ ವ್ಯಾಲ್ಯುಯೇಶನ್ ಮುಗಿದ್ಮೇಲೆ ಶುರು ಮಾಡೋಣ ಅಂದಿದಾರೆ, ಹೊಸ ಕ್ಯಾಲೆಂಡರ್ ತಂದಿಟ್ಕೊಂಡಿದೀನಿ.