ಹಳೇ ಮಾರುತಿ 800 ಪೆಟ್ರೋಲ್ ಎಳೀತಿಲ್ವಾ? ಪಂಪ್ ಬಿಚ್ಚುವ ಮೊದಲು ಇಷ್ಟು ನೋಡಿ

ನಮ್ಮ ತೀರ್ಥಹಳ್ಳಿ ಕಡೆ ಹಳೇ ಕಾರಿನ ಆರೋಗ್ಯ ಗೊತ್ತಾಗುವುದು ಆಗುಂಬೆ ಘಾಟಿಯಲ್ಲಿ. ಊರೊಳಗೆ ಚೆನ್ನಾಗೇ ಓಡುವ ಗಾಡಿ, ಘಾಟಿಯ ಬುಡದ ಸೋಮೇಶ್ವರ ದಾಟಿ ಏರು ಸಿಕ್ಕ ಕೂಡಲೇ ಜಗ್ಗುತ್ತದೆ. ಪಿಕಪ್ ಇಳಿಯುತ್ತದೆ, ನಿಧಾನಕ್ಕೆ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ನೋಡಿದವರೆಲ್ಲ ಪಂಪ್ ಹೋಗಿದೆ ಅಂತಾರೆ. ಎಷ್ಟೋ ಸಲ ಪಂಪ್ ಸರಿಯಾಗೇ ಇರುತ್ತದೆ, ಪೆಟ್ರೋಲ್ ಬರುವ ದಾರಿ ಕಟ್ಟಿರುತ್ತದೆ.

ನನ್ನದು ಅಪ್ಪಯ್ಯ ಕೊಂಡ 1995ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಗಾಡಿ. ಇದರ ಪಂಪಿಗೆ ಕರೆಂಟ್ ಬೇಡ. ಇಂಜಿನ್ನಿನ ಕ್ಯಾಮ್ ಶಾಫ್ಟ್ (ಉಬ್ಬುಗಳಿರುವ ದಂಡ) ತಿರುಗಿದಾಗ ಪಂಪಿನ ಲಿವರ್ ಒತ್ತುತ್ತದೆ, ಒಳಗಿನ ಡಯಾಫ್ರಮ್ (ತೆಳು ಪೊರೆ) ಮೇಲೆ ಕೆಳಗೆ ಆಡುತ್ತದೆ, ಎರಡು ಸಣ್ಣ ವಾಲ್ವ್‌ಗಳು ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುತ್ತವೆ. ಅಷ್ಟೇ ಅದರ ಕೆಲಸ. ಕಾರ್ಬುರೇಟರ್ ಇಲ್ಲದೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಗಾಡಿಯದು ಬೇರೆ. ಅದರಲ್ಲಿ ಟ್ಯಾಂಕಿನೊಳಗೆ ಕರೆಂಟ್ ಪಂಪ್ ಇರುತ್ತದೆ, ಪೈಪಿನಲ್ಲಿ ಪ್ರೆಶರ್ ಜಾಸ್ತಿ. ಅಂಥ ಗಾಡಿಯ ಪೈಪನ್ನು ಇದನ್ನು ಓದಿ ಬಿಚ್ಚಬೇಡಿ.

ಕೆಲಸ ಬಯಲಲ್ಲೇ ಆಗಬೇಕು, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಹತ್ತಿರ ಬೀಡಿ, ಒಲೆ, ಗ್ರೈಂಡಿಂಗ್ ಮೆಷಿನ್ ಯಾವುದೂ ಇರಬಾರದು. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಕೈಗೆ ಸಿಗುವಂತಿರಲಿ. ಪೆಟ್ರೋಲಿಗಿಂತ ಅದರ ಆವಿ ಬೇಗ ಹತ್ತಿಕೊಳ್ಳುತ್ತದೆ.

ಮೊದಲು ಇದು ಪೆಟ್ರೋಲಿನ ತೊಂದರೆಯೋ ಕರೆಂಟಿನ ತೊಂದರೆಯೋ ತಿಳಿಯಬೇಕು. ಓಡುತ್ತಿದ್ದ ಗಾಡಿ ಸ್ವಿಚ್ ಹಾಕಿದಂತೆ ಫಟ್ಟನೆ ನಿಂತರೆ ಪ್ಲಗ್ಗಿಗೆ ಕಿಡಿ ಕಳಿಸುವ ಕಾಯಿಲ್, ಡಿಸ್ಟ್ರಿಬ್ಯೂಟರ್ ಕಡೆ ಅನುಮಾನ ಪಡಿ. ಜಗ್ಗಿ ಜಗ್ಗಿ ನಿಂತರೆ ಪೆಟ್ರೋಲ್ ಕಡೆ. ಸ್ಟಾರ್ಟೇ ಆಗದಿದ್ದರೆ ಏರ್ ಫಿಲ್ಟರ್ ತೆಗೆದು, ಇಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ಲಿವರ್ ಕೈಯಲ್ಲಿ ಎಳೆದು ಕಾರ್ಬುರೇಟರ್ ಬಾಯೊಳಗೆ ನೋಡಿ. ಸಣ್ಣ ಧಾರೆ ಬಿದ್ದರೆ ಪೆಟ್ರೋಲ್ ಅಲ್ಲಿಯವರೆಗೆ ಬಂದಿದೆ ಅಂತ ಅರ್ಥ. ಆಗ ಪಂಪ್ ಬಿಟ್ಟು ಪ್ಲಗ್ ನೋಡಿ.

ಧಾರೆ ಬೀಳದಿದ್ದರೆ ಹಿಂದಿನಿಂದ ಬನ್ನಿ. ಮೀಟರ್ ಮುಳ್ಳನ್ನು ನಂಬದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇರುವುದನ್ನು ಖಚಿತ ಮಾಡಿಕೊಳ್ಳಿ. ಗಾಡಿ ಜಗ್ಗಿದ ಕೂಡಲೇ ಬದಿಗೆ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಳಿ ಸುಯ್ ಅಂತ ಒಳಗೆ ಹೋಗಿ, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲ್ ಫಿಲ್ಟರ್ ಕಪ್ಪಾಗಿದ್ದರೆ, ತಳದಲ್ಲಿ ತುಕ್ಕಿನ ಪುಡಿ ಕಂಡರೆ ಬದಲಿಸಿ. ದೊಡ್ಡ ಖರ್ಚಲ್ಲ. ಮೈಮೇಲೆ ಬಾಣದ ಗುರುತಿರುತ್ತದೆ, ಅದು ಇಂಜಿನ್ ಕಡೆಗೇ ಇರಬೇಕು.

ಹೋಸ್ ಪೈಪ್‌ಗಳನ್ನು ಮಾತ್ರ ನಿಧಾನವಾಗಿ ನೋಡಿ. ಕ್ಲಿಪ್ ಹತ್ತಿರ ಪೈಪನ್ನು ಬೆರಳಲ್ಲಿ ಬಗ್ಗಿಸಿ. ಕೂದಲೆಳೆಯಷ್ಟು ಬಿರುಕು ಕಂಡರೂ ಸಾಕು, ತೊಂದರೆ ಅಲ್ಲೇ ಇರಬಹುದು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪ್ ಒಡೆದರೆ ಪೆಟ್ರೋಲ್ ಹೊರಗೆ ಸೋರದೆಯೂ ಇರಬಹುದು, ಪಂಪ್ ಗಾಳಿ ಎಳೆದುಕೊಳ್ಳುತ್ತದೆ. ನೆಲದಲ್ಲಿ ಕಲೆ ಇಲ್ಲ, ಹಾಗಾಗಿ ಪೈಪ್ ಸರಿಯಿದೆ ಅನ್ನುವ ಲೆಕ್ಕ ಇಲ್ಲಿ ತಪ್ಪುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶುರುವಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ನಮ್ಮ ಗಾಡಿಗಳ ರಬ್ಬರ್ ಮಾಡಿದ್ದು ಅದಕ್ಕಲ್ಲ, ಉಬ್ಬುತ್ತದೆ ಇಲ್ಲವೇ ಬಿರಿಯುತ್ತದೆ. ಹೊಸ ಪೈಪ್ ತರುವಾಗ ಎಥನಾಲ್ ತಡೆಯುವುದನ್ನೇ ಕೇಳಿ. ಮೇಲೆ ಎಸ್‌ಎಇ ಜೆ30 ಆರ್9 ಅಂತ ಇದ್ದರೆ ಒಳ್ಳೆಯದು. ನೀರಿನ ಪೈಪ್ ತುಂಡು ಹಾಕುವ ಕೆಲಸ ಖಂಡಿತ ಬೇಡ.

ಈಗ ಪಂಪಿನ ಪರೀಕ್ಷೆ. ಕಾಯಿಲ್‌ಗೆ ಬರುವ ಸಣ್ಣ ವಯರ್ ಬಿಚ್ಚಿ ಟೇಪ್ ಸುತ್ತಿ, ಕಿಡಿ ಹಾರಬಾರದು. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಕಾರ್ಬುರೇಟರ್ ತುದಿಯಲ್ಲಿ ಬಿಡಿಸಿ, ಇಂಜಿನ್ ಆಯಿಲಿನ ಖಾಲಿ ಕ್ಯಾನಿನೊಳಗೆ ಇಳಿಸಿ. ಇನ್ನೊಬ್ಬರು ಕೆಲವೇ ಸೆಕೆಂಡು ಸೆಲ್ಫ್ ಹೊಡೆಯಲಿ. ನಮ್ಮಲ್ಲಿ ಮಗಳು ಹೊಡೆಯುತ್ತಾಳೆ, ನಾನು ಪೈಪ್ ಹಿಡಿಯುತ್ತೇನೆ. ಸರಿಯಿರುವ ಪಂಪ್ ಪಿಚಕಾರಿ ಹಾಗೆ ಬಿಟ್ಟು ಬಿಟ್ಟು ಜೋರಾಗಿ ಚಿಮ್ಮುತ್ತದೆ. ಗುಳ್ಳೆ ಗುಳ್ಳೆಯಾಗಿ ಬಂದರೆ ಪಂಪಿಗೂ ಮೊದಲು ಎಲ್ಲೋ ಗಾಳಿ ಸೇರುತ್ತಿದೆ.

ಏನೂ ಬರಲಿಲ್ಲವಾ? ಟ್ಯಾಂಕ್ ಕಡೆಯ ಪೈಪನ್ನು ಪಂಪಿನಿಂದ ತೆಗೆದು ಬಾಯಿ ಕಟ್ಟಿ. ಬೇರೊಂದು ತುಂಡು ಪೈಪನ್ನು ಪಂಪಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಶುದ್ಧ ಪೆಟ್ರೋಲ್ ಇರುವ ಕ್ಯಾನಿಗೆ ಬಿಡಿ. ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಚಿಮ್ಮಿದರೆ ಪಂಪಿನ ತಪ್ಪಿಲ್ಲ, ದೋಷ ಟ್ಯಾಂಕ್ ಮತ್ತು ಪಂಪಿನ ನಡುವೆ. ಈಗಲೂ ಬರದಿದ್ದರೆ ಪಂಪನ್ನೇ ಬಿಚ್ಚಬೇಕು. ನನ್ನ ಪ್ರಕಾರ ಈ ಒಂದು ಪರೀಕ್ಷೆ ಮಾಡದೆ ಹೊಸ ಪಂಪಿಗೆ ದುಡ್ಡು ಕೊಡಲೇಬಾರದು.

ಇನ್ನೊಂದು ಗುರುತಿದೆ. ಪಂಪಿನ ಮೈಯಲ್ಲಿರುವ ಸಣ್ಣ ತೂತಿನಿಂದ ಪೆಟ್ರೋಲ್ ಜಿನುಗಿದರೆ ಡಯಾಫ್ರಮ್ ಹರಿದಿದೆ. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ ಪೆಟ್ರೋಲ್ ಒಳಗೆ ಇಳಿದಿರಬಹುದು. ಆ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಬೇಡಿ. ತೆಳುವಾದ ಆಯಿಲಿನಲ್ಲಿ ಬೇರಿಂಗ್ ತಿಂದುಹೋಗುತ್ತದೆ.

ಪಂಪ್ ಬಿಚ್ಚುವ ಮುಂಚೆ ಪೈಪ್‌ಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ, ಫೋಟೋ ತೆಗೆದುಕೊಳ್ಳಿ. ಟ್ಯಾಂಕಿಗೆ ವಾಪಸ್ ಹೋಗುವ ಪೈಪ್ ಅದಲು ಬದಲಾದರೆ ತಲೆ ಕೆಡುತ್ತದೆ. ಪಂಪ್ ಮತ್ತು ಇಂಜಿನ್ ನಡುವಿನ ಹಳೇ ಪ್ಯಾಕಿಂಗನ್ನು (ಗ್ಯಾಸ್ಕೆಟ್) ಹುಷಾರಾಗಿ ಕೆರೆದು ತೆಗೆಯಿರಿ, ಚೂರು ಒಳಗೆ ಬೀಳಬಾರದು. ಹೊಸ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪ ಇರಲಿ, ದಪ್ಪ ಬದಲಾದರೆ ಲಿವರ್ ಒತ್ತುವ ಅಳತೆಯೂ ಬದಲಾಗುತ್ತದೆ. ಹೊಸ ಪಂಪ್ ಸಮನಾಗಿ ಕೂರದೆ ಒತ್ತಿ ಒತ್ತಿ ಎದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ. ಕ್ಯಾಮಿನ ಉಬ್ಬು ಎದುರಿಗಿದೆ. ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಸ್ವಲ್ಪ ತಳ್ಳಿ, ಸಲೀಸಾಗಿ ಕೂರುತ್ತದೆ. ಬೋಲ್ಟ್‌ಗಳನ್ನು ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ ಅಂತ ಬಿಗಿ ಮಾಡಿ.

ಕರೆಂಟ್ ಪಂಪ್ ಹಾಕಿಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕಾರ್ಬುರೇಟರಿಗೆ ಬೇಕಾದ ಪ್ರೆಶರ್ ಸುಮಾರು 3ರಿಂದ 5 ಪಿಎಸ್‌ಐ. ಎಂಪಿಎಫ್‌ಐ ಪಂಪ್ ಅದರ ಎಷ್ಟೋ ಪಟ್ಟು ತಳ್ಳುತ್ತದೆ, ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಬೀಳುತ್ತದೆ.

ಎಲ್ಲ ಜೋಡಿಸಿದ ಮೇಲೆ ಕಾಯಿಲ್ ವಯರ್ ಹಾಕಿ ಸ್ಟಾರ್ಟ್ ಮಾಡಿ. ಕಾರ್ಬುರೇಟರ್ ತುಂಬಲು ಕೊಂಚ ಸೆಲ್ಫ್ ಬೇಕಾಗುತ್ತದೆ. ಐಡ್ಲಿಂಗಿನಲ್ಲಿ ಬಿಟ್ಟು ಪ್ರತಿ ಕ್ಲಿಪ್ಪನ್ನೂ ಟಾರ್ಚ್ ಹಾಕಿ ನೋಡಿ. ಬಿಸಿಯಾದ ಮೇಲೆ ಆಫ್ ಮಾಡಿ ಇನ್ನೊಮ್ಮೆ ನೋಡಿ. ಹಳೇ ಡಯಾಫ್ರಮ್ ಹರಿದಿದ್ದರೆ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿರಬೇಕು.