ವಾಸ್ತು ನೋಡಿದಿರಿ, ಒಳಚರಂಡಿ ಪೈಪ್ ನೋಡಿದಿರಾ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮನೆ ಹುಡುಕುವ ನಮ್ಮವರು ಮೊದಲು ಶಾಲೆಯ ರೇಟಿಂಗ್ ನೋಡುತ್ತಾರೆ. ಆಮೇಲೆ ಬಾಗಿಲು ಪೂರ್ವಕ್ಕಿದೆಯೇ ಅಂತ ಫೋನಿನಲ್ಲಿ ದಿಕ್ಸೂಚಿ ತೆರೆಯುತ್ತಾರೆ. ಈಶಾನ್ಯದಲ್ಲಿ ಕಕ್ಕಸು ಇದ್ದರೆ ಮುಖ ಸಿಂಡರಿಸುತ್ತಾರೆ. ಆ ಕಕ್ಕಸಿನ ನೀರು ಮನೆ ದಾಟಿ ಯಾವ ಪೈಪಿನಲ್ಲಿ ಹೋಗುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಸನಿವೇಲ್, ಕುಪರ್ಟಿನೊ, ಫ್ರೀಮಾಂಟ್ ಕಡೆ ಎಷ್ಟೋ ಮನೆಗಳು 1950-60ರ ದಶಕದವು. ಅಡುಗೆಮನೆಗೆ ಹೊಸ ಕಲ್ಲು ಹಾಸಿ ಮಿಂಚಿಸಿರುತ್ತಾರೆ. ಮಣ್ಣಿನೊಳಗಿನ ಪೈಪು ಮನೆ ಕಟ್ಟಿದ ಕಾಲದ್ದೇ ಇರಬಹುದು.

ಇಲ್ಲಿ ಕೈಕೊಡುವುದು ಊರಿನ ಅಭ್ಯಾಸ. ಬೆಂಗಳೂರಿನಲ್ಲಿ ಮನೆ ಮುಂದೆ ಚೇಂಬರ್ ಇರುತ್ತದೆ, ಕಟ್ಟಿಕೊಂಡರೆ ಮುಚ್ಚಳ ಎತ್ತಿ ನೋಡುತ್ತೇವೆ. ಬೀದಿಯಲ್ಲಿ ಉಕ್ಕಿದರೆ ಜಲಮಂಡಳಿಗೆ ಫೋನ್ ಮಾಡಿ, ಜೆಟ್ಟಿಂಗ್ ಗಾಡಿಗೆ ಕಾದು, ಬೈದು ಸುಮ್ಮನಾಗುತ್ತೇವೆ. ಇಲ್ಲಿ ಮನೆಯಿಂದ ಬೀದಿಯ ದೊಡ್ಡ ಪೈಪಿನವರೆಗೆ ಸಾಮಾನ್ಯವಾಗಿ 4 ಇಂಚಿನ ಒಂದು ಪೈಪು ಹೂತಿರುತ್ತದೆ. ಅದಕ್ಕೆ ಲ್ಯಾಟರಲ್ ಅನ್ನುತ್ತಾರೆ. ಅದು ನಿಮ್ಮದು, ನಗರಸಭೆಯದ್ದಲ್ಲ. ಕೆಲವು ಊರುಗಳಲ್ಲಿ ಫುಟ್‌ಪಾತಿನವರೆಗೆ ನಿಮ್ಮದು, ಕೆಲವು ಕಡೆ ರಸ್ತೆಯಡಿಯ ಜೋಡಣೆಯವರೆಗೂ ನಿಮ್ಮದೇ. ಅಂಥಲ್ಲಿ ರಸ್ತೆ ಅಗೆದು ಮತ್ತೆ ಡಾಂಬರು ಹಾಕಿಸುವ ಖರ್ಚೂ ನಿಮ್ಮ ತಲೆಗೇ. ಆಫರ್ ಹಾಕುವ ಮೊದಲೇ ಆ ಊರಿನ ನಿಯಮ ಕೇಳಿಕೊಳ್ಳಿ.

ಹಳೇ ಮನೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಪೈಪು ಸಿಗುತ್ತದೆ. ಮೊದಲನೆಯದು ಸುಟ್ಟ ಜೇಡಿಮಣ್ಣಿನದು, ನಮ್ಮ ಕಡೆಯ ಸ್ಟೋನ್‌ವೇರ್ ಪೈಪಿನ ದಾಯಾದಿ. ಮಣ್ಣು ನೂರು ವರ್ಷ ಬಾಳೀತು, ಕೀಲು ಬಾಳುವುದಿಲ್ಲ. ಕೆಲವೇ ಅಡಿಗೊಂದು ಕೀಲು. ಗಾರೆ ಉದುರಿದ ಕಡೆ ತೇವದ ವಾಸನೆ ಹಿಡಿದು ಮರದ ಬೇರು ಕೂದಲೆಳೆಯಂತೆ ಒಳನುಗ್ಗಿ, ಆಮೇಲೆ ಜಡೆಯಾಗುತ್ತದೆ. ಎರಡನೆಯದು ಬೀಡುಕಬ್ಬಿಣ, ಹೆಚ್ಚಾಗಿ ಮನೆಯಡಿಯಲ್ಲಿ. ಒಳಗಿನಿಂದ ತುಕ್ಕು ಹಿಡಿದು ಪೈಪು ಕಿರಿದಾಗುತ್ತದೆ, ಕೊನೆಗೆ ತಳವೇ ಸವೆದುಹೋಗುತ್ತದೆ. ಸನಿವೇಲ್, ಪಾಲೊ ಆಲ್ಟೊಗಳಲ್ಲಿ ಐಕ್ಲರ್ ಎಂಬ ಬಿಲ್ಡರ್ ಕಟ್ಟಿಸಿದ ಮನೆಗಳಲ್ಲಿ ಇದು ಕಾಂಕ್ರೀಟ್ ನೆಲದ ಕೆಳಗಿರುತ್ತದೆ. ಅದೇ ನೆಲದೊಳಗೆ ಬಿಸಿನೀರಿನ ಹೀಟಿಂಗ್ ಕೊಳವೆಗಳೂ ಹಾದಿರುವುದರಿಂದ ಕೊರೆಯುವುದು ಸಲೀಸಲ್ಲ. ಮೂರನೆಯದು ಆರೆಂಜ್‌ಬರ್ಗ್: ಮರದ ನಾರನ್ನು ಡಾಂಬರಿನಂಥ ಕಲ್ಲಿದ್ದಲ ಅಂಟಿನಲ್ಲಿ ನೆನೆಸಿ ಒತ್ತಿ ಮಾಡಿದ ಪೈಪು. ಹೆಸರು ಬಂದದ್ದು ನ್ಯೂಯಾರ್ಕ್ ರಾಜ್ಯದ ಊರಿನಿಂದ. ಎರಡನೇ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾಗ ಇದಕ್ಕೆ ಬೇಡಿಕೆ ಏರಿತು, 1970ರ ದಶಕದ ಆರಂಭದಲ್ಲಿ ತಯಾರಿಕೆ ನಿಂತಿತು. ಮಣ್ಣಿನ ಭಾರಕ್ಕೆ ಚಪ್ಪಟೆಯಾಗುತ್ತದೆ, ಒಳಗೆ ಬೊಬ್ಬೆ ಏಳುತ್ತದೆ. ಇದು ಕಂಡರೆ ರಿಪೇರಿ ಮಾತು ಬೇಡ, ಬದಲಾಯಿಸುವ ಲೆಕ್ಕವನ್ನೇ ಹಾಕಿ.

ಸಾಮಾನ್ಯ ಹೋಮ್ ಇನ್‌ಸ್ಪೆಕ್ಟರ್ ಈ ಪೈಪನ್ನು ನೋಡುವುದಿಲ್ಲ. ಅವರ ವರದಿ ಅರವತ್ತು ಪುಟ ಇದ್ದರೂ ಇಲ್ಲ. ಪ್ರತ್ಯೇಕವಾಗಿ ಸೀವರ್ ಸ್ಕೋಪ್, ಅಂದರೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಮಾಡಿಸಬೇಕು, ಕೆಲವು ನೂರು ಡಾಲರ್ ಆಗುತ್ತದೆ. ಮನೆ ಮುಂದೆ ಪೊದೆಯಡಿ ಕ್ಲೀನ್‌ಔಟ್ ಎಂಬ ಮುಚ್ಚಳವಿದ್ದರೆ ಅಲ್ಲಿಂದ ಕ್ಯಾಮೆರಾ ಬಿಡುತ್ತಾರೆ. ಇಲ್ಲದಿದ್ದರೆ ಕಮೋಡ್ ಕಳಚಬೇಕು ಅಥವಾ ಛಾವಣಿಯ ವೆಂಟ್‌ನಿಂದ ಇಳಿಸಬೇಕು. ಖಾಲಿ ಬಿದ್ದ ಮನೆಯಾದರೆ ಮೊದಲು ಹದಿನೈದು ನಿಮಿಷ ಎಲ್ಲ ನಲ್ಲಿ ಬಿಡಿ. ಒಣಗಿದ ಪೈಪು ಎಷ್ಟು ಕೆಟ್ಟಿದ್ದರೂ ಸಾಧುವಿನಂತೆ ಕಾಣುತ್ತದೆ. ಬೀದಿಯ ಪೈಪು ಮುಟ್ಟುವವರೆಗೆ, ಅಡಿಗಳ ಲೆಕ್ಕ ಪರದೆಯ ಮೇಲಿರುವ, ಕತ್ತರಿಸದ ಪೂರ್ತಿ ವಿಡಿಯೊ ಕೇಳಿ. ಕ್ಯಾಮೆರಾ ನೀರಿನಲ್ಲಿ ಮುಳುಗಿ ಹತ್ತಾರು ಅಡಿ ಹಾಗೇ ಸಾಗಿದರೆ ಅಲ್ಲಿ ಪೈಪು ಜೋಲಿದೆ ಎಂದರ್ಥ. ಅಡಿಗೆ ಕಾಲು ಇಂಚು ಇರಬೇಕಾದ ಇಳಿಜಾರು ಹೋಗಿದೆ. ಕೀಲಿನ ಎರಡು ತುದಿ ಒಂದರ ಮುಂದೊಂದು ಕೂಡದೆ ಮೆಟ್ಟಿಲಿನಂತಿದ್ದರೆ ಮಣ್ಣು ಕುಸಿದಿರಬಹುದು. ಪೈಪು ತೀರಾ ಚೊಕ್ಕಟವಾಗಿದ್ದರೂ ಸಂಶಯಪಡಿ, ಮಾರುವವರು ಹಿಂದಿನ ವಾರವೇ ಬೇರು ಕತ್ತರಿಸಿರಬಹುದು. ಹಳೇ ಪ್ಲಂಬರ್ ಬಿಲ್ ಕೇಳಿ. ರಿಪೇರಿಯನ್ನೂ ಮಾರುವ ಕಂಪನಿಯಿಂದ ಸ್ಕೋಪ್ ಮಾಡಿಸಬೇಡಿ.

"ನಲವತ್ತು ವರ್ಷದಿಂದ ತೊಂದರೆಯೇ ಇಲ್ಲ" ಅಂತ ಮಾರುವ ಅಜ್ಜ-ಅಜ್ಜಿ ಹೇಳುವುದು ಸುಳ್ಳಲ್ಲ. ಇಬ್ಬರೇ ಇದ್ದ ಮನೆ, ಬೇಯಿಸುವುದೂ ಕಡಿಮೆ. ನೀವು ನಾಲ್ವರು, ಆರು ತಿಂಗಳಿಗೆ ಬರುವ ಅಪ್ಪ-ಅಮ್ಮ, ದಿನಾ ಅಕ್ಕಿ ತೊಳೆದ ನೀರು, ಒಗ್ಗರಣೆಯ ಎಣ್ಣೆ, ತುಪ್ಪದ ಪಾತ್ರೆ. ಅರ್ಧ ಮುಚ್ಚಿದ ಪೈಪು ಅವರಿಗೆ ಸಾಕಾಗಿತ್ತು, ನಿಮಗೆ ಸಾಲದು. ಅದು ಬಾಯಿ ಬಿಡುವುದು ಸರಿಯಾಗಿ ಗೃಹಪ್ರವೇಶಕ್ಕೆ, ಐವತ್ತು ಜನ ಊಟಕ್ಕೆ ಕೂತಾಗ. ಹಾಲು ಉಕ್ಕಬೇಕಾದ ದಿನ ಸ್ನಾನದ ಟಬ್ ಉಕ್ಕುತ್ತದೆ. ಮನೆ ನೋಡಲು ಹೋದಾಗಲೇ ಫ್ಲಶ್ ಮಾಡಿ, ಟಬ್‌ನಲ್ಲಿ ಗುಳುಗುಳು ಸದ್ದು ಬರುತ್ತದೆಯೇ ಕೇಳಿ.

ಓಕ್ಲೆಂಡ್, ಬರ್ಕ್ಲಿ ಭಾಗದಲ್ಲಿ ಮನೆ ಕೈಬದಲಾಗುವಾಗ ಲ್ಯಾಟರಲ್ ಪ್ರಮಾಣಪತ್ರ ಕಡ್ಡಾಯ, ಏಜೆಂಟ್ ನೋಡಿಕೊಳ್ಳುತ್ತಾರೆ. ಆದರೆ ಅದು ಸೋರಿಕೆಯ ಪರೀಕ್ಷೆ, ಮನೆಯಡಿಯ ಪೈಪಿನ ಜಾತಕವಲ್ಲ.

ದೋಷ ಸಿಕ್ಕರೆ ಮಾರುವವರಿಂದ ರಿಪೇರಿ ಮಾಡಿಸಬೇಡಿ, ಅತಿ ಅಗ್ಗದವರನ್ನು ಕರೆಸುತ್ತಾರೆ. ಬೆಲೆ ಇಳಿಸಿ ಅಂತ ಕೇಳಿ. ಎರಡು ಗುಂಡಿ ತೋಡಿ, ಹಳೇ ಪೈಪನ್ನು ಒಡೆಯುತ್ತಾ ಅದರ ದಾರಿಯಲ್ಲೇ ಹೊಸದನ್ನು ಎಳೆಯುವ ವಿಧಾನದಲ್ಲಿ ಅಂಗಳ ಬಹುಮಟ್ಟಿಗೆ ಉಳಿಯುತ್ತದೆ. ಒಳಗೆ ರಾಳದ ಲೈನಿಂಗ್ ಹಾಕುವುದು ಬಿರುಕಿಗೆ ಸರಿ. ಜೋಲಿದ ಪೈಪಿಗೆ ಹಾಕಿದರೆ ಅದೂ ಜೋತೇ ಕೂರುತ್ತದೆ. ಜೋಲಿದ್ದನ್ನು ಅಗೆದೇ ಸರಿಮಾಡಬೇಕು. ಸಾಮಾನ್ಯ ಮನೆ ವಿಮೆ ಸವೆತಕ್ಕೆ ಹಣ ಕೊಡುವುದಿಲ್ಲ. ಹೂತ ಪೈಪಿನ ರಿಪೇರಿಗೆ ಸರ್ವಿಸ್ ಲೈನ್, ಚರಂಡಿ ನೀರು ಮನೆಯೊಳಗೆ ಉಕ್ಕಿ ಆದ ಹಾನಿಗೆ ಬ್ಯಾಕಪ್ ಎಂಬ ಎರಡು ಸೇರ್ಪಡೆ ಬೇರೆ ಬೇರೆಯಾಗಿ ಕೇಳಬೇಕು.

ಊರಿನ ಮನೆಯಲ್ಲಿ ಪೈಪು ಎಲ್ಲಿ ಹೋಗಿದೆ ಅಂತ ಅಪ್ಪನಿಗೋ ಗಾರೆ ಮೇಸ್ತ್ರಿಗೋ ನೆನಪಿರುತ್ತಿತ್ತು. ಇಲ್ಲಿ ಕಟ್ಟಿದವರ ಹೆಸರೂ ನಮಗೆ ಗೊತ್ತಿಲ್ಲ, ಆದರೂ ಮಕ್ಕಳಿಗೆ ಇದೇ "ನಮ್ಮನೆ". ಸ್ಕೋಪ್ ದಿನ ಪೈಪಿನ ಜಾಡನ್ನು ನೆಲದ ಮೇಲೆ ಬಣ್ಣದಲ್ಲಿ ಗುರುತಿಸಲು ಹೇಳಿ. ಮನೆಯ ಮೂಲೆಯಿಂದ ದೂರ, ಆಳ, ಕ್ಲೀನ್‌ಔಟ್ ಜಾಗ ಬರೆದು ಒಂದು ನಕ್ಷೆ ಮಾಡಿ ಪತ್ರಗಳ ಜೊತೆ ಇಡಿ. ಅಪ್ಪ ಬಂದಾಗ ಊರಿನ ನೆನಪಿಗೆ ಅಂಜೂರ ನೆಡಲು ಹೊರಟರೆ, ಮೊದಲು ಆ ನಕ್ಷೆ ಕೈಗೆ ಕೊಡಿ. ಪೈಪಿನಿಂದ ಕಡೇಪಕ್ಷ ಹತ್ತು ಅಡಿ ಆಚೆಗಿರಲಿ.