ಸೂಕ್ಷ್ಮಜೀವಿಗಳ ಬಯೋಸರ್ಫ್ಯಾಕ್ಟೆಂಟ್ ಮತ್ತು ಕ್ಯಾನ್ಸರ್: ಪಿಎಚ್.ಡಿ. ಸಂಶೋಧನೆಯನ್ನು ರೂಪಿಸುವ ಬಗೆ

ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ತಯಾರಿಸುವ ಕೆಲವು ಅಣುಗಳಲ್ಲಿ ಒಂದು ತುದಿ ನೀರಿಗೆ ಒಲಿದರೆ ಇನ್ನೊಂದು ತುದಿ ಜಿಡ್ಡಿಗೆ ಒಲಿಯುತ್ತದೆ. ಬಯೋಸರ್ಫ್ಯಾಕ್ಟೆಂಟ್ ಎಂದು ಕರೆಯುವ ಈ ಅಣುಗಳು ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ ಎಂಬ ವರದಿಗಳು ಸಾಕಷ್ಟಿವೆ. ಆದರೆ ಬಟ್ಟೆ ಸೋಪಿನ ನೀರನ್ನು ಹಾಕಿದರೂ ಆ ಕೋಶಗಳು ಸಾಯುತ್ತವೆ. ಆದ್ದರಿಂದ ಈ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಬಯಸುವವರು ಮೊದಲ ದಿನದಿಂದಲೇ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಳ್ಳಬೇಕು: ನನ್ನ ಅಣು ಆರೋಗ್ಯವಂತ ಕೋಶವನ್ನು ಉಳಿಸಿ ಕ್ಯಾನ್ಸರ್ ಕೋಶವನ್ನು ಮಾತ್ರ ಕೊಲ್ಲುತ್ತದೆಯೇ, ಮತ್ತು ಅದು ಪೊರೆಯನ್ನು ಕರಗಿಸುವುದರ ಹೊರತಾಗಿ ಬೇರೇನಾದರೂ ಮಾಡುತ್ತದೆಯೇ? ಅಣುವಿನ ಆಯ್ಕೆ, ಶುದ್ಧೀಕರಣ, ಪರೀಕ್ಷೆಗಳ ಕ್ರಮ, ಕೊನೆಗೆ ಮಹಾಪ್ರಬಂಧದ ಭಾಷೆ, ಎಲ್ಲವನ್ನೂ ಈ ಪ್ರಶ್ನೆಯೇ ನಿರ್ಧರಿಸುತ್ತದೆ.

ಅಣುವನ್ನು ಆರಿಸಿಕೊಳ್ಳುವುದು

ಹೊಸ ಸೂಕ್ಷ್ಮಜೀವಿಯನ್ನು ಮಣ್ಣಿನಿಂದಲೋ ಸಮುದ್ರದ ಕೆಸರಿನಿಂದಲೋ ಬೇರ್ಪಡಿಸಿ, ಅದರ ಕಚ್ಚಾ ಸಾರವನ್ನು ಒಂದೆರಡು ಸೆಲ್ ಲೈನ್‌ಗಳ, ಅಂದರೆ ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಸುವ ಕೋಶಗಳ, ಮೇಲೆ ಹಾಕಿ ಮುಗಿಸುವ ಯೋಜನೆಗಳು ನಮ್ಮಲ್ಲಿ ಹೆಚ್ಚು. ಹೊಸ ತಳಿಯನ್ನು ಹುಡುಕುವುದು ತಪ್ಪಲ್ಲ. ಆದರೆ ಈಗಾಗಲೇ ರಚನೆ ತಿಳಿದಿರುವ ಒಂದು ಅಣುವನ್ನು ಆಳವಾಗಿ ಪರೀಕ್ಷಿಸುವುದು ಪಿಎಚ್.ಡಿ. ಅವಧಿಗೆ ಹೆಚ್ಚು ಸೂಕ್ತ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಯ್ಕೆಗೆ ಮುಖ್ಯವಾಗಿ ನಾಲ್ಕು ಗುಂಪುಗಳಿವೆ. ಬ್ಯಾಸಿಲಸ್ ಸಬ್ಟಿಲಿಸ್ ತಯಾರಿಸುವ ಸರ್ಫ್ಯಾಕ್ಟಿನ್ ಎಂಬ ಲಿಪೊಪೆಪ್ಟೈಡ್ 1968ರಲ್ಲಿ ಜಪಾನಿನಲ್ಲಿ ವರದಿಯಾಯಿತು. ಏಳು ಅಮೈನೋ ಆಮ್ಲಗಳ ಉಂಗುರಕ್ಕೆ ಕೊಬ್ಬಿನಾಮ್ಲ ಸೇರಿರುವ ಈ ಅಣು ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 27ಕ್ಕೆ ಇಳಿಸುತ್ತದೆ. ಸ್ಯೂಡೊಮೊನಾಸ್ ಎರುಜಿನೋಸಾ ತಯಾರಿಸುವ ರಾಮ್ನೋಲಿಪಿಡ್‌ಗಳ ಬಗ್ಗೆ ಸಾಹಿತ್ಯ ಹೇರಳವಾಗಿದೆ. ಆದರೆ ಆ ಬ್ಯಾಕ್ಟೀರಿಯಾ ಸ್ವತಃ ಅವಕಾಶವಾದಿ ರೋಗಕಾರಕವಾದ್ದರಿಂದ ಜೈವಿಕ ಸುರಕ್ಷತೆಯ ಎರಡನೇ ಹಂತದ ಪ್ರಯೋಗಾಲಯ ಬೇಕು. ಸ್ಟಾರ್ಮರೆಲ್ಲಾ ಬಾಂಬಿಕೋಲಾ ಎಂಬ ಯೀಸ್ಟ್ ಕೊಡುವ ಸೋಫೊರೊಲಿಪಿಡ್‌ಗಳ ದೊಡ್ಡ ಅನುಕೂಲ ಇಳುವರಿ: ಒಂದು ಲೀಟರ್ ಮಾಧ್ಯಮದಿಂದ 100 ಗ್ರಾಮಿಗಿಂತ ಹೆಚ್ಚು ಪಡೆಯಲು ಸಾಧ್ಯವಿದೆ, ಯೀಸ್ಟ್ ರೋಗಕಾರಕವೂ ಅಲ್ಲ. ನಾಲ್ಕನೆಯದು ಮ್ಯಾನೊಸಿಲ್ ಎರಿತ್ರಿಟಾಲ್ ಲಿಪಿಡ್. ಇದು ಇಲಿಯ ಮೆಲನೋಮಾ ಕೋಶಗಳನ್ನು ಅಪೊಪ್ಟೋಸಿಸ್‌ಗೆ, ಅಂದರೆ ಯೋಜಿತ ಕೋಶಮರಣಕ್ಕೆ, ತಳ್ಳುವುದರ ಜೊತೆಗೆ ಅವುಗಳನ್ನು ಪಕ್ವ ಕೋಶಗಳತ್ತಲೂ ತಿರುಗಿಸುತ್ತದೆ ಎಂದು 1999ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಕೋಶದ ಸ್ವಭಾವವನ್ನೇ ಬದಲಿಸುವ ಇಂತಹ ಪರಿಣಾಮವನ್ನು ಬರಿಯ ಸೋಪಿನ ಗುಣದಿಂದ ವಿವರಿಸುವುದು ಕಷ್ಟವಾದ್ದರಿಂದ ಈ ಗುಂಪು ಹೆಚ್ಚಿನ ಗಮನಕ್ಕೆ ಅರ್ಹ.

ಆಡಳಿತದ ಕೆಲಸಗಳನ್ನು ಇದೇ ಹಂತದಲ್ಲಿ ಮುಗಿಸಿಕೊಳ್ಳಿ. ಯುಜಿಸಿಯ 2022ರ ನಿಯಮಗಳ ಪ್ರಕಾರ ಪಿಎಚ್.ಡಿ. ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ, ಮತ್ತು ಕೋರ್ಸ್‌ವರ್ಕ್ ಕಡ್ಡಾಯ. ತಳಿಯನ್ನು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯವಾದ ಎಂಟಿಸಿಸಿಯಿಂದ ಮತ್ತು ಸೆಲ್ ಲೈನ್‌ಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳುವುದು, ಪಕ್ಕದ ಪ್ರಯೋಗಾಲಯದಿಂದ ಫ್ಲಾಸ್ಕ್‌ನಲ್ಲಿ ಕೇಳಿ ತರುವುದಕ್ಕಿಂತ ಎಷ್ಟೋ ಸುರಕ್ಷಿತ. ರಕ್ತಕಣಗಳ ಪರೀಕ್ಷೆಗೆ ಮಾನವ ರಕ್ತ ಬಳಸುವುದಾದರೆ ಸಂಸ್ಥೆಯ ನೀತಿ ಸಮಿತಿಯ ಅನುಮತಿ ಮೊದಲೇ ಬೇಕು.

ಶುದ್ಧತೆಗೆ ಒಂದು ಪೂರ್ಣ ವರ್ಷ ಕೊಡಿ

ಸರ್ಫ್ಯಾಕ್ಟಿನ್‌ಗೆ ಸಾಮಾನ್ಯವಾಗಿ ಅನುಸರಿಸುವ ಕ್ರಮ ಸರಳವಾಗಿದೆ. ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, ಉಳಿದ ದ್ರವದ ಪಿಎಚ್ ಅನ್ನು ಹೈಡ್ರೊಕ್ಲೋರಿಕ್ ಆಮ್ಲದಿಂದ 2ಕ್ಕೆ ಇಳಿಸಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಗಸಿ ಕೆಳಗಿಳಿಯುತ್ತದೆ. ಅದನ್ನು ಮೆಥನಾಲ್‌ನಂತಹ ದ್ರಾವಕದಲ್ಲಿ ಕರಗಿಸಿ ತೆಗೆಯಬೇಕು. ಹುದುಗುವಾಗ ಉಕ್ಕುವ ನೊರೆಯನ್ನು ತಡೆಯುವ ಬದಲು ಅದನ್ನೇ ಹೊರಗೆ ಸಂಗ್ರಹಿಸುವುದು ಒಳ್ಳೆಯದು, ಏಕೆಂದರೆ ನಮಗೆ ಬೇಕಾದ ಅಣು ನೊರೆಯಲ್ಲೇ ಸಾಂದ್ರವಾಗಿರುತ್ತದೆ. ರಾಮ್ನೋಲಿಪಿಡ್‌ಗಳನ್ನು ಆಮ್ಲೀಕರಿಸಿದ ಬಳಿಕ ಈಥೈಲ್ ಅಸಿಟೇಟ್‌ನಿಂದ ಹೀರಿಕೊಳ್ಳಬಹುದು.

ಇಲ್ಲಿಗೆ ದೊರೆಯುವುದು ಕಚ್ಚಾ ಮಿಶ್ರಣ ಮಾತ್ರ. ಇದರ ಮೇಲೆಯೇ ಕ್ಯಾನ್ಸರ್ ಪರೀಕ್ಷೆ ಆರಂಭಿಸುವ ಆತುರವನ್ನು ತಡೆದುಕೊಳ್ಳಬೇಕು. ಬ್ಯಾಸಿಲಸ್‌ನ ಸಾರದಲ್ಲಿ ಸರ್ಫ್ಯಾಕ್ಟಿನ್ ಜೊತೆಗೆ ಇಟುರಿನ್, ಫೆಂಜಿಸಿನ್ ಎಂಬ ಬೇರೆ ಲಿಪೊಪೆಪ್ಟೈಡ್‌ಗಳೂ ಇರಬಹುದು. ಸೋಫೊರೊಲಿಪಿಡ್‌ಗಳಲ್ಲಿ ಉಂಗುರಾಕಾರದ ಲ್ಯಾಕ್ಟೋನಿಕ್ ರೂಪ ಮತ್ತು ತೆರೆದ ಆಮ್ಲೀಯ ರೂಪ ಎರಡೂ ಬೆರೆತಿರುತ್ತವೆ, ಮತ್ತು ಇವೆರಡೂ ಕೋಶಗಳ ಮೇಲೆ ಬೇರೆಬೇರೆಯಾಗಿ ವರ್ತಿಸುತ್ತವೆ. ರಾಮ್ನೋಲಿಪಿಡ್‌ಗಳಲ್ಲಿ ಒಂದು ಸಕ್ಕರೆಯವು, ಎರಡು ಸಕ್ಕರೆಯವು ಎಂಬ ಭೇದವಿದೆ. ಮಿಶ್ರಣ ಕೋಶಗಳನ್ನು ಕೊಂದಾಗ ಕೊಂದದ್ದು ಇವುಗಳಲ್ಲಿ ಯಾವುದು ಎಂದು ಹೇಳಲಾಗದಿದ್ದರೆ ಆ ಫಲಿತಾಂಶದ ಮೇಲೆ ಮುಂದಿನ ಅಧ್ಯಾಯವನ್ನು ಕಟ್ಟಲಾಗದು. ಆದ್ದರಿಂದ ಎಚ್‌ಪಿಎಲ್‌ಸಿ ಎಂಬ ದ್ರವ ಕ್ರೊಮ್ಯಾಟೊಗ್ರಫಿಯಿಂದ ಘಟಕಗಳನ್ನು ಬೇರ್ಪಡಿಸಿ, ಅಣುಗಳ ದ್ರವ್ಯರಾಶಿಯನ್ನು ಅಳೆಯುವ ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ಗುರುತು ಖಚಿತಪಡಿಸಿ, ಸಾಧ್ಯವಾದರೆ ಅಣುವಿನ ರಚನೆಯನ್ನು ತೋರಿಸುವ ಎನ್‌ಎಂಆರ್ ಮಾಡಿಸಿ. ಸರ್ಫ್ಯಾಕ್ಟಿನ್‌ನ 13, 14, 15 ಇಂಗಾಲದ ರೂಪಗಳು ಪ್ರೋಟಾನ್ ಸೇರಿದ ಸ್ಥಿತಿಯಲ್ಲಿ ಮಾಸ್ ಸ್ಪೆಕ್ಟ್ರಮ್‌ನಲ್ಲಿ 1008, 1022, 1036ರ ಬಳಿ ಕಾಣಿಸಿಕೊಳ್ಳುತ್ತವೆ. ಸೋಡಿಯಂ ಸೇರಿದರೆ ಪ್ರತಿ ಶಿಖರವೂ 22ರಷ್ಟು ಮುಂದೆ ಸರಿಯುತ್ತದೆ.

ಅಣುವಿನ ಮೂಲ ಸ್ಯೂಡೊಮೊನಾಸ್‌ನಂತಹ ಗ್ರಾಂ ಋಣಾತ್ಮಕ ಬ್ಯಾಕ್ಟೀರಿಯಾ ಆಗಿದ್ದರೆ ಅದರ ಹೊರಪೊರೆಯ ವಿಷವಾದ ಎಂಡೊಟಾಕ್ಸಿನ್ ಜೊತೆಯಲ್ಲಿ ಬಂದಿರುವ ಸಾಧ್ಯತೆಯುಂಟು. ಎಂಡೊಟಾಕ್ಸಿನ್ ಪತ್ತೆಗೆಂದೇ ಇರುವ ಲಿಮ್ಯುಲಸ್ ಪರೀಕ್ಷೆಯಿಂದ ಅದನ್ನು ಅಳೆಯದೆ, ಉರಿಯೂತಕ್ಕೋ ಪ್ರತಿರಕ್ಷಣಾ ಕೋಶಗಳಿಗೋ ಸಂಬಂಧಿಸಿದ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಕೋಶಗಳ ಮೇಲಿನ ಪರೀಕ್ಷೆ

ಇಡೀ ಸಂಶೋಧನೆಯ ಹೃದಯಭಾಗ ಇದು. ಮೊದಲು ನಿಮ್ಮ ಅಣುವಿನ ಕ್ರಿಟಿಕಲ್ ಮೈಸೆಲ್ ಸಾಂದ್ರತೆಯನ್ನು, ಅಂದರೆ ಅಣುಗಳು ಗುಂಪುಗೂಡಿ ಮೈಸೆಲ್ ಆಗತೊಡಗುವ ಸಾಂದ್ರತೆಯನ್ನು, ಟೆನ್ಸಿಯೋಮೀಟರ್‌ನಿಂದ ಅಳೆಯಿರಿ. ನೀರಿನಲ್ಲಿ ಮಾತ್ರವಲ್ಲ, ಕೋಶಗಳನ್ನು ಬೆಳೆಸುವ ಅದೇ ಮಾಧ್ಯಮದಲ್ಲಿ, ಸೀರಂ ಸೇರಿಸಿ ಮತ್ತು ಸೇರಿಸದೆ, ಎರಡೂ ಬಗೆಯಲ್ಲಿ ಅಳೆಯಬೇಕು. ಸೀರಂನಲ್ಲಿರುವ ಆಲ್ಬುಮಿನ್ ಈ ಅಣುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ, ಸೀರಂ ಇಲ್ಲದೆ ಪಡೆದ ಐಸಿ50, ಅಂದರೆ ಅರ್ಧದಷ್ಟು ಕೋಶಗಳನ್ನು ತಡೆಯುವ ಸಾಂದ್ರತೆ, ಸೀರಂ ಸೇರಿಸಿದಾಗ ಹಲವು ಪಟ್ಟು ಏರಬಹುದು. ರಕ್ತದಲ್ಲಿ ಆಲ್ಬುಮಿನ್ ಹೇರಳವಾಗಿರುವುದರಿಂದ ಔಷಧದ ದೃಷ್ಟಿಯಿಂದ ಅರ್ಥವಿರುವುದು ಎರಡನೆಯ ಸಂಖ್ಯೆಗೆ.

ಈ ಎಚ್ಚರಿಕೆಗೆ ಆಧಾರವಿದೆ. ಚೀನಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಾಮ್ನೋಲಿಪಿಡ್‌ಗಳು ಕ್ಯಾನ್ಸರ್ ಕೋಶ ಮತ್ತು ಸಾಮಾನ್ಯ ಕೋಶಗಳನ್ನು ಒಂದೇ ರೀತಿಯಲ್ಲಿ ಕೊಂದವು, ಮತ್ತು ಮಾಧ್ಯಮದ ಮೇಲ್ಮೈ ಎಳೆತ ಕುಸಿದದ್ದೇ ಅದಕ್ಕೆ ಕಾರಣವೆಂದು ಅವರು ತೀರ್ಮಾನಿಸಿದರು. ಈ ಆಕ್ಷೇಪಕ್ಕೆ ಉತ್ತರ ಕೊಡುವಂತೆ ನಿಮ್ಮ ಪ್ರಯೋಗವನ್ನು ರೂಪಿಸಿಕೊಳ್ಳಿ. ಅದಕ್ಕೆ ಎರಡು ಬಗೆಯ ಹೋಲಿಕೆ ಬೇಕೇಬೇಕು. ಒಂದು, ಅದೇ ಅಂಗಾಂಶದ ಸಾಮಾನ್ಯ ಕೋಶಗಳು: ಕರುಳಿನ ಕ್ಯಾನ್ಸರಿನ ಎಚ್‌ಟಿ-29 ಆರಿಸಿದರೆ ಅದರ ಜೊತೆಗೆ ಸಾಮಾನ್ಯ ಕರುಳಿನ ಕೋಶ, ಚರ್ಮದ ಮೆಲನೋಮಾ ಆರಿಸಿದರೆ ಸಾಮಾನ್ಯ ಮೆಲನೋಸೈಟ್. ಸ್ತನ ಕ್ಯಾನ್ಸರಿನ ಎಂಸಿಎಫ್-7 ಜೊತೆಗೆ ಮೂತ್ರಪಿಂಡ ಮೂಲದ ಕೋಶವನ್ನು ಇಟ್ಟು ಹೋಲಿಸುವುದು ರೂಢಿಯಲ್ಲಿದ್ದರೂ ಅದರಿಂದ ಹೆಚ್ಚೇನೂ ತಿಳಿಯದು. ಇನ್ನೊಂದು, ಸಂಶ್ಲೇಷಿತ ಸರ್ಫ್ಯಾಕ್ಟೆಂಟ್: ಮಾಧ್ಯಮದ ಮೇಲ್ಮೈ ಎಳೆತವನ್ನು ನಿಮ್ಮ ಅಣುವಿನಷ್ಟೇ ಇಳಿಸುವ ಪ್ರಮಾಣದಲ್ಲಿ ಎಸ್‌ಡಿಎಸ್ ಅಥವಾ ಟ್ವೀನ್ ಬಳಸಿ ನೋಡಿ. ಅವೂ ಅಷ್ಟೇ ಕೋಶಗಳನ್ನು ಕೊಂದರೆ ನಿಮ್ಮ ಅಣುವಿಗೆ ವಿಶೇಷ ಗುಣವಿದೆ ಎನ್ನಲಾಗದು. ಸಾಮಾನ್ಯ ಕೋಶದ ಐಸಿ50 ಅನ್ನು ಕ್ಯಾನ್ಸರ್ ಕೋಶದ ಐಸಿ50ಯಿಂದ ಭಾಗಿಸಿದಾಗ ಬರುವ ಆಯ್ಕೆ ಸೂಚ್ಯಂಕವನ್ನು ಪ್ರತಿ ಕೋಷ್ಟಕದಲ್ಲೂ ನಮೂದಿಸಿ.

ಎಂಟಿಟಿ ಪರೀಕ್ಷೆ ಎಲ್ಲರೂ ಮಾಡುವಂಥದ್ದು, ಅಗ್ಗವೂ ಹೌದು. ಆದರೆ ಜೀವಂತ ಕೋಶಗಳು ಬಣ್ಣವನ್ನು ನೇರಳೆ ಹರಳಾಗಿಸುವುದನ್ನು ಅಳೆಯುವ ಈ ವಿಧಾನದಲ್ಲಿ ಸರ್ಫ್ಯಾಕ್ಟೆಂಟ್ ಸ್ವತಃ ಹರಳುಗಳನ್ನು ಕರಗಿಸಿ ಅಳತೆಯನ್ನು ಕೆಡಿಸಬಹುದಾದ್ದರಿಂದ, ತಟ್ಟೆಯಲ್ಲಿ ಕೋಶವಿಲ್ಲದ ಕುಳಿಗಳಲ್ಲೂ ಅದೇ ಸಾಂದ್ರತೆಗಳನ್ನು ಹಾಕಿ ನೋಡಬೇಕು. ಜೊತೆಯಲ್ಲಿ, ಪೊರೆ ಹರಿದಾಗ ಕೋಶದಿಂದ ಹೊರಬರುವ ಎಲ್‌ಡಿಎಚ್ ಎಂಬ ಕಿಣ್ವದ ಸೋರಿಕೆಯನ್ನು ಅಳೆಯಿರಿ, ಅದೂ 24 ಗಂಟೆಯ ಬಳಿಕ ಒಮ್ಮೆ ಮಾತ್ರವಲ್ಲ. 30 ನಿಮಿಷ, 2 ಗಂಟೆ, 6 ಗಂಟೆಗಳಲ್ಲೂ ಅಳೆಯಿರಿ. ಅರ್ಧ ಗಂಟೆಯೊಳಗೆ ಕಿಣ್ವ ಹೊರಸೋರಿದರೆ ಪೊರೆ ಹರಿದಿದೆ ಎಂದೇ ಅರ್ಥ, ಮುಂದೆ ಯಾವ ಜೀನ್‌ನ ಅಭಿವ್ಯಕ್ತಿಯನ್ನು ಅಳೆದರೂ ಅದು ಸಾಯುತ್ತಿರುವ ಕೋಶದ ಲಕ್ಷಣವಷ್ಟೆ. ಅನೆಕ್ಸಿನ್ ಎಂಬ ಪ್ರೋಟೀನ್ ಕೋಶದ ಹೊರಮೈಗೆ ಅಂಟುವುದನ್ನು ನೋಡಿ ಯೋಜಿತ ಕೋಶಮರಣವನ್ನು ಗುರುತಿಸುವ ಪರೀಕ್ಷೆಯಲ್ಲೂ ಇದೇ ತೊಡಕಿದೆ: ಪೊರೆ ತೂತಾದರೆ ಅನೆಕ್ಸಿನ್ ಒಳಹೊಕ್ಕು ಯೋಜಿತ ಕೋಶಮರಣದ ನೋಟವನ್ನೇ ಕೊಡುತ್ತದೆ. ಯೋಜಿತ ಕೋಶಮರಣವನ್ನು ನಡೆಸುವ ಕ್ಯಾಸ್ಪೇಸ್ ಕಿಣ್ವಗಳನ್ನು ತಡೆಯುವ ಔಷಧವನ್ನು ಮೊದಲೇ ಕೊಟ್ಟಾಗ ಕೋಶಗಳು ಉಳಿದುಕೊಂಡರೆ ಆ ಪುರಾವೆ ಬಲವಾದದ್ದು.

ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಫಾಸ್ಫಟಿಡಿಲ್ ಸೆರಿನ್ ಎಂಬ ಋಣಾವೇಶದ ಕೊಬ್ಬು ಹೆಚ್ಚಾಗಿರುವುದರಿಂದ ಅವುಗಳ ಪೊರೆ ಹೆಚ್ಚು ಋಣಾವೇಶ ಹೊಂದಿರುತ್ತದೆ, ಆದ್ದರಿಂದ ಲಿಪೊಪೆಪ್ಟೈಡ್‌ಗಳು ಅವುಗಳಿಗೇ ಅಂಟುತ್ತವೆ ಎಂಬ ವಿವರಣೆಯನ್ನು ಸರ್ಫ್ಯಾಕ್ಟಿನ್ ಕುರಿತ ಬರಹಗಳಲ್ಲಿ ಯೋಚಿಸದೆ ಬಳಸಬೇಡಿ. ಗ್ಲುಟಾಮಿಕ್ ಮತ್ತು ಆಸ್ಪಾರ್ಟಿಕ್ ಆಮ್ಲಗಳಿರುವ ಸರ್ಫ್ಯಾಕ್ಟಿನ್ ತಾನೇ ಋಣಾವೇಶದ ಅಣು. ಧನಾವೇಶದ ಪೆಪ್ಟೈಡ್‌ಗಳಿಗೆ ಸಲ್ಲುವ ವಾದ ಇದಕ್ಕೆ ನೇರವಾಗಿ ಸಲ್ಲುವುದಿಲ್ಲ.

ಕೆಂಪು ರಕ್ತಕಣಗಳ ಮೇಲಿನ ಪರೀಕ್ಷೆಯನ್ನು ಮುಂದೂಡದೆ ಎರಡನೇ ವರ್ಷದಲ್ಲೇ ಮಾಡಿ. ಸರ್ಫ್ಯಾಕ್ಟಿನ್ ಮತ್ತು ರಾಮ್ನೋಲಿಪಿಡ್ ಎರಡೂ ರಕ್ತಕಣಗಳನ್ನು ಒಡೆಯುತ್ತವೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಸಾಂದ್ರತೆಯಲ್ಲೇ ರಕ್ತಕಣಗಳೂ ಒಡೆಯುವುದಾದರೆ ಅದನ್ನು ರಕ್ತನಾಳದ ಮೂಲಕ ಕೊಡುವ ಮಾತು ಬಿಡಬೇಕಾಗುತ್ತದೆ, ಲಿಪೊಸೋಮ್ ಎಂಬ ಕೊಬ್ಬಿನ ಸೂಕ್ಷ್ಮ ಚೀಲದಲ್ಲಿ ಅಡಗಿಸುವುದೋ ಚರ್ಮದ ಮೇಲೆ ಹಚ್ಚುವುದೋ ಎಂಬ ಹಾದಿಯನ್ನು ಸಕಾಲದಲ್ಲಿ ಹುಡುಕಬೇಕಾಗುತ್ತದೆ.

ಪ್ರಾಣಿ ಪ್ರಯೋಗ ಮತ್ತು ಬರವಣಿಗೆ

ಪ್ರಾಣಿಗಳ ಮೇಲಿನ ಪ್ರಯೋಗ ಪಿಎಚ್.ಡಿ.ಗೆ ಅನಿವಾರ್ಯವಲ್ಲ. ಮಾಡುವುದಾದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಗೆ ತಿಂಗಳುಗಳು ಹಿಡಿಯಬಹುದೆಂದು ತಿಳಿದೇ ಅರ್ಜಿ ಹಾಕಿ. ಫಲಿತಾಂಶ ತಟ್ಟೆಯಲ್ಲಿ ಕಂಡಂತೆಯೇ ಇರಲಾರದೆಂಬುದಕ್ಕೆ ಉತ್ತರ ಐರ್ಲೆಂಡಿನ ಅಲ್‌ಸ್ಟರ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪ್ರಕಟಿಸಿದ ಕೆಲಸವನ್ನು ಪ್ರತಿಯೊಬ್ಬ ಸಂಶೋಧನಾರ್ಥಿಯೂ ಓದಬೇಕು. ಲ್ಯಾಕ್ಟೋನಿಕ್ ಸೋಫೊರೊಲಿಪಿಡ್ ತಟ್ಟೆಯಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳನ್ನು ತಗ್ಗಿಸಿತ್ತು. ಎಪಿಸಿ ಜೀನ್‌ನ ದೋಷದಿಂದ ಕರುಳಿನಲ್ಲಿ ಗಡ್ಡೆ ಬೆಳೆಯುವ ಇಲಿಗಳಿಗೆ ಅದನ್ನೇ ಕೊಟ್ಟಾಗ ಗಡ್ಡೆಗಳ ಹೊರೆ ಹೆಚ್ಚಿತು. ಇಂತಹ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ ಆ ತಂಡದ ಬಗ್ಗೆ ನನಗೆ ಅಪಾರ ಗೌರವವಿದೆ, ಏಕೆಂದರೆ ಅದರಿಂದ ಎಷ್ಟೋ ಮಂದಿಯ ವರ್ಷಗಳು ಉಳಿದಿವೆ.

ಮಹಾಪ್ರಬಂಧದಲ್ಲಿ ‘ಕ್ಯಾನ್ಸರ್ ಚಿಕಿತ್ಸೆ’ ಎಂಬ ಮಾತನ್ನು ಬಳಸಬೇಡಿ. ಯಾವ ಕೋಶದಲ್ಲಿ, ಯಾವ ಸಾಂದ್ರತೆಯಲ್ಲಿ, ಸೀರಂ ಎಷ್ಟಿದ್ದಾಗ, ಯಾವ ಶುದ್ಧತೆಯ ಅಣು ಏನು ಮಾಡಿತು ಎಂದಷ್ಟೇ ಬರೆಯಿರಿ. ನಿಮ್ಮ ಸಾರಾಂಶದ ಒಂದು ಸಾಲು ಪತ್ರಿಕೆಯ ಸುದ್ದಿಯಾಗಿ, ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತವರ ಕೈಗೆ ಸಿಗುವ ಸಂಭವವಿದೆ. ಮೇಲ್ಮೈ ಎಳೆತದ ಮೂಲ ಅಂಕಿಗಳು, ಕೋಶವಿಲ್ಲದ ಕುಳಿಗಳ ಅಳತೆಗಳು, ಪರಿಣಾಮ ಕಾಣದ ಪ್ರಯೋಗಗಳು, ಎಲ್ಲವನ್ನೂ ಅನುಬಂಧದಲ್ಲಿ ಸೇರಿಸಿ. ಸ್ವಂತ ತಳಿಯಾಗಿದ್ದರೆ ಅದನ್ನು ಮಾನ್ಯ ಸಂಗ್ರಹಾಲಯಕ್ಕೆ ಒಪ್ಪಿಸಿ, ದೊರೆತ ದಾಖಲೆ ಸಂಖ್ಯೆಯನ್ನು ವಿಧಾನಗಳ ಅಧ್ಯಾಯದಲ್ಲಿ ನಮೂದಿಸಿ. ಪೇಟೆಂಟ್‌ನ ಯೋಚನೆಯಿದ್ದರೆ ಲೇಖನ ಪ್ರಕಟಿಸುವ ಮೊದಲೇ ವಿಶ್ವವಿದ್ಯಾಲಯದ ಪೇಟೆಂಟ್ ಘಟಕವನ್ನು ಸಂಪರ್ಕಿಸಿ, ಭಾರತದ ಮಣ್ಣಿನಿಂದ ಪಡೆದ ತಳಿಗೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಯಾವ ನಿಯಮಗಳು ಅನ್ವಯಿಸುತ್ತವೆ ಎಂಬುದನ್ನು ಅಲ್ಲಿಯೇ ಕೇಳಿ ತಿಳಿಯಿರಿ.